ಮುಚ್ಚಳದೊಳಗಿನ ಚಂದ್ರ

ಇಬ್ಬರೇ ಇದ್ದಾಗ ಆಡಿದ ಮಾತಾಗಿದ್ದರೆ ಗುರುಲಿಂಗ ನುಂಗಿಕೊಳ್ಳುತ್ತಿದ್ದನೇನೋ. ನಾಲ್ಕು ಜನರ ಎದುರಿಗೆ ಆಡಿದ್ದರು. ಬಸವಕಲ್ಯಾಣದ ಮಹಾರುದ್ರಪ್ಪ ಸಾವ್ಕಾರರ ಕೈಯಲ್ಲಿದ್ದ ಹಳೆಯ ಚಿನ್ನದ ಒಮೆಗಾ ವಾಚನ್ನು ಕೊಳ್ಳಬೇಕೆಂದು ಅವನು ಹುಮನಾಬಾದಿನಿಂದ ಮತ್ತೊಮ್ಮೆ ಬಂದಿದ್ದ. ಸಾವ್ಕಾರರು ಕೈ ಮೇಲೆತ್ತಿ ತೋರಿಸಿ, ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳುವಂತೆ ನಕ್ಕರು.

“ಇದು ನಮ್ಮಪ್ಪ ಹೈದರಾಬಾದಿನ್ಯಾಗ ತಗೊಂಡಿದ್ದು. ನಿನ್ನ ಅಂಗಡ್ಯಾಗ ಇಟ್ರ ಇದನ್ನೂ ಜನ ಡುಪ್ಲಿಕೇಟ್ ಅಂತಾರ, ಗುರುಲಿಂಗಾ. ರಿಪೇರಿಗೇ ನಿನ್ನ ಕೈಗೆ ಕೊಡಂಗಿಲ್ಲ, ಮಾರಾಕ ಕೊಡ್ತೀನೇನು?”

ಎಲ್ಲರೂ ನಕ್ಕರು. ಗುರುಲಿಂಗನೂ ನಕ್ಕ, ನಗದೆ ಇನ್ನೇನು ಮಾಡಬೇಕಿತ್ತು? ಊರಿಗೆ ಮರಳುವಾಗ ಹೆದ್ದಾರಿ ತುಂಬ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳಿದ್ದವು. ಒಂದಾದ ಮೇಲೆ ಒಂದನ್ನು ಹಿಂದೆ ಹಾಕುತ್ತ, ಬೈಕಿನ ಹಾರ್ನನ್ನು ಒತ್ತಿದ್ದೇ ಒತ್ತಿದ್ದು.

ಹಳೆಯ ಮನೆತನಗಳ ಕಪಾಟಿನಲ್ಲಿ ಮಲಗಿದ ಸ್ವಿಸ್ ವಾಚುಗಳನ್ನು ಕೊಂಡು, ರಿಪೇರಿ ಮಾಡಿ, ಹೈದರಾಬಾದು ಪುಣೆಯ ಶೋಕಿಲಾಲರಿಗೆ ಮಾರುವುದು ಅವನ ಕಸುಬು. ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗೆ ಒಂದು ಸಣ್ಣ ಗಾಳಿಯಿಲ್ಲದ ಅಂಗಡಿ. ಸಾವ್ಕಾರರಲ್ಲಿರುವಂಥ ಒಮೆಗಾ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆಂದು ಹೈದರಾಬಾದಿನ ಗಿರಾಕಿಯೊಬ್ಬ ವರ್ಷದಿಂದ ದುಂಬಾಲು ಬಿದ್ದಿದ್ದ. ಅದೊಂದು ಕೈಗೆ ಬಂದರೆ ಹೈದರಾಬಾದಿನಲ್ಲೇ ಗಾಜಿನ ಬಾಗಿಲಿನ ಶೋರೂಮು, ಒಳಗೆ ಎ.ಸಿ. ಇಲ್ಲದಿದ್ದರೆ ಸಾಯುವವರೆಗೂ ಬಸ್ಸಿನ ಧೂಳು. ಗುರುಲಿಂಗನಿಗೆ ಧೂಳು ಸಾಕಾಗಿತ್ತು.

ಯೋಜನೆ ಸರಳವಾಗಿತ್ತು: ತದ್ರೂಪು ನಕಲಿ ಮಾಡುವುದು, ಅದಲುಬದಲು ಮಾಡುವುದು. ಸಿಕ್ಕಿಬಿದ್ದರೆ ಯಾರ ತಲೆಗೆ ಎನ್ನುವುದನ್ನೂ ಅವನು ಮೊದಲೇ ಗೊತ್ತುಮಾಡಿದ್ದ. ಅದು ಮುಜಾಫರ್.

ಬಸವಕಲ್ಯಾಣದ ಕೋಟೆಯ ದಾರಿಯಲ್ಲಿ ವಾಚು ರಿಪೇರಿಗೆ ಕೂರುವ ಮುದುಕ ಮುಜಾಫರನೇ ಗುರುಲಿಂಗನಿಗೆ ಕೆಲಸ ಕಲಿಸಿದ ಉಸ್ತಾದ್. ಪ್ರತಿ ದೀಪಾವಳಿಗೆ ಮುಂಚೆ ಸಾವ್ಕಾರರ ವಾಚು ಸ್ವಚ್ಛವಾಗಲು ಹೋಗುತ್ತಿದ್ದುದು ಅವನಲ್ಲಿಗೆ ಮಾತ್ರ. “ಕೈ ಹಾಕಿದ ವಾಚಿನ್ಯಾಗ ಗುರುತು ಬಿಡಬೇಕು ಬೇಟಾ, ನಾಳೆ ಕೆಟ್ರ ಯಾರ ಕೈ ಅಂತ ಗೊತ್ತಾಗಬೇಕು,” ಎನ್ನುತ್ತಿದ್ದ ಅವನು, ಬಿಚ್ಚಿದ ಪ್ರತಿ ವಾಚಿನ ಹಿಂಬದಿ ಮುಚ್ಚಳದ ಒಳಮೈಗೆ ಸೂಜಿಮೊನೆಯಿಂದ ಎಳೆಚಂದ್ರನನ್ನು ಗೀರುತ್ತಿದ್ದ. ಅವನ ಕೈಕೆಳಗೆ ಕಲಿತವರಿಗೆಲ್ಲ ಆ ಅಭ್ಯಾಸ ಅಂಟಿತ್ತು. ಒಬ್ಬನದು ಮೀನು, ಒಬ್ಬನದು ನಕ್ಷತ್ರ, ಗುರುಲಿಂಗನದು ಬಿಲ್ವಪತ್ರೆಯ ಮೂರೆಸಳು. ಜಿಲ್ಲೆಯ ಅರ್ಧ ವಾಚುಗಳ ಹೊಟ್ಟೆಯಲ್ಲಿ ಮುಜಾಫರನ ಚಂದ್ರನಿದ್ದ. ನಕಲಿಯ ಹೊಟ್ಟೆಯಲ್ಲೂ ಅವನೇ ಇದ್ದುಬಿಟ್ಟರೆ? ಅಸಲಿಯನ್ನು ರಿಪೇರಿ ಮಾಡಿದವನ ಗುರುತು ಅಸಲಿಯೊಳಗೆ ಇರಬೇಕು. ನಕಲಿಯೊಳಗೆ ಇದ್ದರೆ ನಕಲಿ ಅವನ ಕೈಯದೇ. ಈ ಯುಕ್ತಿ ಹೊಳೆದ ದಿನ ಗುರುಲಿಂಗ ತನ್ನ ಬೆನ್ನು ತಾನೇ ತಟ್ಟಿಕೊಂಡ.

ನಕಲಿ ತಯಾರಾಗಲು ಮಳೆಗಾಲವಿಡೀ ಹಿಡಿಯಿತು. ಮುಂಬೈಯಿಂದ ಚಿನ್ನದ ನೀರು ಕುಡಿಸಿದ ಕೇಸು ತರಿಸಿದ. ಟಿಕ್‌ಟಿಕ್ ಸದ್ದು ಬದಲಾಗಬಾರದೆಂದು ಕೆಟ್ಟು ಬಿದ್ದಿದ್ದ ಇನ್ನೊಂದು ಒಮೆಗಾದ ಯಂತ್ರವನ್ನೇ ಜೀವ ತುಂಬಿ ಒಳಗೆ ಕೂರಿಸಿದ. ತೂಕ ಸರಿಹೋಗಲು ಹಿತ್ತಾಳೆಯ ತೆಳು ಬಳೆ, ಡಯಲ್ಲಿನ ಹಳದಿಗೆ ಚಹಾದ ಕಂದು. ಬಾಗಿಲ ಚಿಲಕ ತಾಗಿ ಸಾವ್ಕಾರರ ವಾಚಿನ ಅಂಚಿಗೆ ಬಿದ್ದ ಗೆರೆಯನ್ನೂ ಮರೆಯಲಿಲ್ಲ. ಬೆವರು ಕುಡಿದ ಬೆಲ್ಟಿನ ನಕಲು ಮಾಡಲಾಗದು. ಹಾಗಾಗಿ ಅಸಲಿಯ ಬೆಲ್ಟನ್ನೇ ಬಿಚ್ಚಿ ನಕಲಿಗೆ ಹಾಕುವುದನ್ನು ಕಣ್ಣು ಕಟ್ಟಿಕೊಂಡು ರೂಢಿ ಮಾಡಿಕೊಂಡ.

ಕೊನೆಗೆ ಸೂಜಿ ಹಿಡಿದು ಮುಚ್ಚಳದೊಳಗೆ ಚಂದ್ರನನ್ನು ಗೀರಿದ. ಗೀರಿನಲ್ಲಿ ಉಸ್ತಾದನ ಕೈಯ ನಡುಕ ಸಹ ಬಂದಿತ್ತು. ಅಷ್ಟರಲ್ಲಿ ಹೈದರಾಬಾದಿನ ಗಿರಾಕಿಯ ಫೋನು, ಸಿಕ್ಕಿತೇ ಇಲ್ಲವೇ ಎಂದು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ದೀಪಾವಳಿ ಮುಗಿಯಲಿ ಎಂದು ಸಮಾಧಾನ ಹೇಳುತ್ತಿದ್ದಂತೆ ಕೈಗಳು ಉಳಿದ ಕೆಲಸ ಮುಗಿಸಿದವು. ಇಪ್ಪತ್ತು ವರ್ಷ ಪಳಗಿದ ಕೈಗಳು. ಅವಕ್ಕೆ ಅವನ ಗಮನ ಬೇಕಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ವಾಚು ಮುಚ್ಚಿತ್ತು.

ಮುಜಾಫರ್ ವಾಚನ್ನು ಹಿಂದಿರುಗಿಸಿ, ದೀಪಾವಳಿಯೂ ಕಳೆದ ಮೇಲೆ, ಗುರುಲಿಂಗ ಒಂದು ಬೆಳಿಗ್ಗೆ ಸಾವ್ಕಾರರ ಮನೆಗೆ ಹೋದ. ಅವರ ಮಗಳು ದೀಪಾಲಿಯ ಮದುವೆ ನಿಶ್ಚಯವಾಗಿತ್ತು. ಬೀಗರಿಗೆ ಕೊಡಲು ಗೋಡೆ ಗಡಿಯಾರ ತೋರಿಸುವ ನೆಪ. ಸಾವ್ಕಾರರು ಲಿಂಗಪೂಜೆಗೆ ಏಳುವ ಮುಂಚೆ ಉಂಗುರ, ವಾಚು ಬಿಚ್ಚಿ ಪಡಸಾಲೆಯ ಗೋಡೆಯ ಮಾಡದಲ್ಲಿಡುತ್ತಾರೆಂದು ಅವನಿಗೆ ಗೊತ್ತಿತ್ತು. ಒಳಗೆ ಗಂಟೆಯ ಸದ್ದು ಕೇಳಿಸಿತು. ಅವರ ಹೆಂಡತಿ ಸುಂದರಬಾಯಿ, “ಕೂಡ್ರಿ ಅಣ್ಣಾ, ಸುಸಲಾ ಮಾಡಾಕತ್ತೇನಿ,” ಎಂದು ಅಡಿಗೆಮನೆಗೆ ಹೋದರು. ಅವರು ತಟ್ಟೆ ಹಿಡಿದು ಬಂದಾಗ ಅಸಲಿ ಅವನ ಜೇಬಿನಲ್ಲಿತ್ತು. ಒಗ್ಗರಣೆ ಹಾಕಿದ ಆ ಚುರುಮುರಿಯನ್ನು ಮತ್ತೊಮ್ಮೆ ಹಾಕಿಸಿಕೊಂಡು ತಿಂದ.

ಅಸಲಿ ಹೈದರಾಬಾದಿಗೆ ಹೋಯಿತು. ಶೋರೂಮಿಗೆ ಜಾಗವೂ ಗೊತ್ತಾಯಿತು. ನೆಮ್ಮದಿ ಮಾತ್ರ ಹತ್ತಿರ ಸುಳಿಯಲಿಲ್ಲ. ಫೋನು ಬಡಿದುಕೊಂಡರೆ ಎದೆಯೂ ಬಡಿದುಕೊಳ್ಳುತ್ತಿತ್ತು, ಬಡಿದುಕೊಳ್ಳದಿದ್ದರೆ ಎತ್ತಿ ನೋಡುತ್ತಿದ್ದ. ಗಿರಾಕಿಗಳ ಮೇಲೆ ರೇಗಿದ. ಮುಜಾಫರನ ಮುಖ ನೆನಪಾದರೆ ಪಾಪ ಎನಿಸುತ್ತಿತ್ತು. ಪಾಪ ಎನಿಸಿದಾಗಲೆಲ್ಲ ಸಾವ್ಕಾರರ ನಗುವನ್ನು ನೆನಪಿಸಿಕೊಂಡು ಗಟ್ಟಿಯಾಗುತ್ತಿದ್ದ.

ದೀಪಾಲಿಯ ಮದುವೆಯಾದ ಮೇಲೆ ಸಾವ್ಕಾರರಿಂದ ಕರೆ ಬಂತು. ಅಳಿಯ ಅವಿನಾಶನಿಗೆ ಆ ವಾಚನ್ನೇ ಉಡುಗೊರೆ ಕೊಟ್ಟಿದ್ದರು. ಅವನು ಹೊಸ ಬೆಲ್ಟು ಹಾಕಿಸಲು ಹೈದರಾಬಾದಿನ ಅಂಗಡಿಗೆ ಒಯ್ದಾಗ, ಅಲ್ಲಿಯವರು ಡಯಲ್ಲಿಗೆ ಭೂತಗನ್ನಡಿ ಹಿಡಿದು, ಬಿಚ್ಚುವ ಗೋಜಿಗೂ ಹೋಗದೆ ನಕಲಿ ಎಂದರಂತೆ.

ಪಡಸಾಲೆಯಲ್ಲಿ ಸಾವ್ಕಾರರ ಮುಖ ಕಪ್ಪಿಟ್ಟಿತ್ತು. ಬಾಗಿಲ ಬಳಿ ಮುಜಾಫರ್ ಟೋಪಿ ಹಿಚುಕುತ್ತ ನಿಂತಿದ್ದ. “ಖುದಾನ ಆಣಿ ಸಾವ್ಕಾರ್ರ, ನಾ ಕೊಟ್ಟಾಗ ಅಸಲಿನೇ ಇತ್ತು,” ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

“ಗುರುಲಿಂಗಾ, ಈ ವಾಚ್ ನೀ ಎಂದಾರ ಬಿಚ್ಚೀ ಏನು?” ಸಾವ್ಕಾರರು ಕೇಳಿದರು.

ಈ ಪ್ರಶ್ನೆಗೆ ಉತ್ತರ ತಿಂಗಳುಗಳಿಂದ ತಯಾರಿತ್ತು. “ನಾ ಎಲ್ಲಿಂದ ಬಿಚ್ಚಲ್ರಿ? ರಿಪೇರಿಗೇ ನನ್ನ ಕೈಗೆ ಕೊಡಂಗಿಲ್ಲ ಅಂದವ್ರು ನೀವ ಅಲ್ರಿ? ಇದರ ಮುಚ್ಚಳದ ಒಳಗ ಏನದ ಅಂತ ನಾ ಇವತ್ತಿನ ತನಕ ನೋಡಿಲ್ಲ.”

“ಹಂಗಾರ ಈಗ ಬಿಚ್ಚು.”

ಗುರುಲಿಂಗ ನಿಧಾನಕ್ಕೆ ಸಾಮಾನಿನ ಡಬ್ಬಿ ತೆರೆದ. ಬಿಚ್ಚುವ ಮುಂಚೆ ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ: ಒಳಗೆ ಯಾರ ಗುರುತಿದೆಯೋ ಈ ನಕಲಿ ಅವರ ಕೈಯಲ್ಲೇ ಹುಟ್ಟಿದ್ದು, ಇದರಲ್ಲಿ ಎರಡು ಮಾತಿಲ್ಲ. ಸಾವ್ಕಾರರು ತಲೆಯಾಡಿಸಿದರು. ಮುಜಾಫರನೂ, ಪಾಪ, ಹೌದೆಂದ. ಮುಚ್ಚಳ ಟಕ್ಕೆಂದು ಬಿಚ್ಚಿಕೊಂಡಿತು. ಉಸ್ತಾದನ ಮುಖ ಹೇಗಾಗುತ್ತದೆಂದು ನೋಡುವ ಆತುರದಲ್ಲಿ ಗುರುಲಿಂಗ ಅದನ್ನು ತಿರುಗಿಸಿಯೂ ನೋಡದೆ ಭೂತಗನ್ನಡಿಯ ಜೊತೆ ಅವಿನಾಶನ ಕೈಗಿತ್ತ.

“ಚಂದ್ರ ಅದ ಮಾಮಾ,” ಎಂದ ಅವಿನಾಶ. ಮುಜಾಫರ್ ಗೋಡೆ ಹಿಡಿದುಕೊಂಡ. ಅವಿನಾಶ ಗಾಜನ್ನು ಇನ್ನೂ ಹತ್ತಿರ ತಂದು, ಮುಚ್ಚಳವನ್ನು ಬೆಳಕಿಗೆ ಓರೆ ಮಾಡಿದ. “ಅದರ ಮಗ್ಗಲಿಗೆ ಇನ್ನೊಂದು ಗುರುತದ. ಸಣ್ಣ ಎಲಿ ಇದ್ದಂಗ, ಮೂರೆಸಳು. ಇದ್ಯಾರದು?” ಗುರುಲಿಂಗನಿಗೆ ಭುಜಕ್ಕೊತ್ತಿಕೊಂಡ ಆ ಫೋನು ನೆನಪಾಯಿತು. ಹೈದರಾಬಾದಿನ ಗಿರಾಕಿಗೆ ಸಮಾಧಾನ ಹೇಳುತ್ತಿದ್ದಾಗ ತನ್ನ ಕೈಯಲ್ಲಿ ಸೂಜಿ ಇನ್ನೂ ಇತ್ತು ಎನ್ನುವುದೂ ನೆನಪಾಯಿತು. ಮುದುಕ ಮುಜಾಫರ್ ಗೋಡೆ ಬಿಟ್ಟು ಮೆಲ್ಲಗೆ ಬಂದ, ಭೂತಗನ್ನಡಿಯಲ್ಲಿ ಒಮ್ಮೆ ನೋಡಿದ, ಆಮೇಲೆ ಗುರುಲಿಂಗನ ಬಲಗೈಯನ್ನು ನೋಡಿದ. “ನಾನ ಕಲಿಸಿದ್ದು, ಬೇಟಾ,” ಎಂದ.