ಎಂಟೋ, ಆರೋ?

ಕಾವಲುಗಾರ ಪರೀಕ್ಷಾ ಕೋಣೆಯ ಬಾಗಿಲು ತೆರೆದಾಗ ಮೊದಲು ಮುಖಕ್ಕೆ ಬಡಿದದ್ದು ಹೊಗೆ. ಆಮೇಲೆ ಕಂಡದ್ದು ಒಂದು ಜೊತೆ ಬೂಟು.

ವರ್ನ್ ಹೂಕ್‌ಸ್ಟ್ರಾ ಎಂಜಿನ್ ಪಕ್ಕದಲ್ಲಿ ಕವುಚಿ ಬಿದ್ದಿದ್ದ. ಪೆಟ್ರೋಲ್ ಮುಗಿದು ಎಂಜಿನ್ ಯಾವಾಗಲೋ ನಿಂತಿತ್ತು. ವರ್ನ್ ಕೂಡ.

ಡೆಟ್ರಾಯಿಟ್‌ನಲ್ಲಿ ಆ ಹೆಸರು ಕೇಳದವರಿಲ್ಲ. ಹಾಲ್‌ಸ್ಟೆಡ್ ಕಂಪನಿಯ ಓಟದ ಕಾರುಗಳಿಗೆ ತಲೆ ನರೆಯುವವರೆಗೂ ಎಂಜಿನ್ ಕಟ್ಟಿದವನು. ಕಂಪನಿ ಈಗ ಹೊಸ ಕಾರು ತರಲಿತ್ತು. ಅದರೊಳಗೆ ಯಾವ ಎಂಜಿನ್? ಎಂಟು ಸಿಲಿಂಡರಿನ ಹಳೆಯ ಗುಡುಗೋ, ಆರು ಸಿಲಿಂಡರಿನ ಹೊಸ ಯಂತ್ರವೋ? ಬಾರಿನಲ್ಲಿ, ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಇದೇ ಮಾತು, ಇದೇ ಬಾಜಿ. ವರ್ನ್ ಎಂಟರ ಪಾಳೆಯದ ಸೇನಾಪತಿ. ಆ ದಿನವೇ ನಿರ್ದೇಶಕರ ಮುಂದೆ ಅವನು ತನ್ನ ಕೊನೆಯ ಮಾತು ಹೇಳಬೇಕಿತ್ತು.

ಪೊಲೀಸ್ ಸಾರ್ಜೆಂಟ್ ಲೊರೇನ್ ಬೀಲ್ಸ್ಕಿ ಜೊತೆ ಅವಳ ಸಹಾಯಕನಾದ ನಾನೂ ಒಳಗೆ ಹೋದೆ. ಕೊಳವೆ, ತಂತಿಗಳ ಪೊದೆಯೊಳಗೆ ಎಂಜಿನ್ ಹುದುಗಿತ್ತು. ಬಾಗಿಲ ಮೇಲೆ ಫಲಕ — ‘ಎಂಟು ಸಿಲಿಂಡರ್: ಪರೀಕ್ಷೆ ನಡೆಯುತ್ತಿದೆ’.

"ಆತ್ಮಹತ್ಯೆ ಮೇಡಂ," ಎಂದ ಕಾವಲುಗಾರ. "ಹೊಗೆ ಹೊರಗೆ ಹೋಗೋ ಕೊಳವೆ ಬಿಚ್ಚಿದಾನೆ. ಫ್ಯಾನ್ ಆರಿಸಿದಾನೆ. ವಿಷಗಾಳಿ ಬಂದ್ರೆ ಬಡಿಯೋ ಗಂಟೆ ತಂತಿನೂ ಕಿತ್ತಿದಾನೆ. ಎಂಟಕ್ಕೆ ಉಳಿಗಾಲ ಇಲ್ಲ ಅಂತ ಗೊತ್ತಾಗಿರ್ಬೇಕು ಪಾಪ."

ಬೀಲ್ಸ್ಕಿ ಶವದ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಕರ್ಟಿಸ್, ಕಿವಿ ಮೇಲೆ ಏನಿದೆ?" ಎಂದು ನನ್ನನ್ನು ಕೇಳಿದಳು.

"ಸದ್ದು ತಡೆಯೋ ಕಿವಿಮುಚ್ಚಿ. ಇಲ್ಲಿ ಎಲ್ಲರೂ ಹಾಕ್ತಾರೆ," ಎಂದೆ.

"ಹ್ಞೂಂ," ಎಂದಷ್ಟೇ ಹೇಳಿ ಎದ್ದಳು.

ವರ್ನ್‌ನ ಹಳೆಯ ಗೆಳೆಯ ಡೇಲ್ ಪ್ರೂಯಿಟ್. ಸ್ಯಾಗಿನಾ ಊರಿನಲ್ಲಿದ್ದ ಕಂಪನಿಯ ಎರಕದ ಕಾರ್ಖಾನೆಯ ಮುಖ್ಯಸ್ಥ. ಎಂಟು ಸಿಲಿಂಡರಿನ ಎಂಜಿನ್ನಿನ ಎರಕ ಬಿಟ್ಟು ಅಲ್ಲಿ ಬೇರೇನೂ ಆಗುತ್ತಿರಲಿಲ್ಲ. ಸುದ್ದಿ ಕೇಳಿ ಓಡಿ ಬಂದವನು ಗೇಟಿನೆದುರಿನ ಹೋಟೆಲಿನಲ್ಲಿ ಕೂತಿದ್ದ. ಮುಂದಿದ್ದ ಕಾಫಿ ಆರಿಹೋಗಿತ್ತು.

"ಕೊನೇ ಸಲ ಯಾವಾಗ ನೋಡಿದ್ರಿ?" ಎಂದಳು ಬೀಲ್ಸ್ಕಿ.

"ಹೋದ ವಾರ, ಬಾರಲ್ಲಿ. ‘ನನ್ನ ಹೆಣ ಬಿದ್ಮೇಲೇ ಆರು ಬರ್ಬೇಕು ಕಣೋ’ ಅಂದಿದ್ದ."

"ಪರೀಕ್ಷಾ ಕೋಣೆಗೆ ಹೋಗಿದ್ರಾ?"

"ನಾನಾ? ಈ ವರ್ಷ ಕಾಲೇ ಇಟ್ಟಿಲ್ಲ." ಡೇಲ್ ಅಂಗೈಯಿಂದ ಮುಖ ಒರೆಸಿಕೊಂಡ. "ಜೀವಮಾನವೆಲ್ಲ ಎಂಟು ಎಂಟು ಅಂತಿದ್ದೋನು. ಕೊನೆಗೆ ಆ ಹಾಳು ಟರ್ಬೋ ಉಗುಳಿದ ಹೊಗೆ ಕುಡಿದು ಸತ್ತ ನೋಡಿ."

"ವೈರಿಗಳು?"

"ಯೋಲಾಂಡಾನ ಕೇಳಿ. ಆರರ ಪರ ಇರೋಳು ಅವಳೇ. ವರ್ನ್ ಬಾಯಿ ಮುಚ್ಚಿದ್ರೆ ಯಾರಿಗೆ ಲಾಭ?"

ಯೋಲಾಂಡಾ ಮೆರಿವೆದರ್ ಹೊಸ ಕಾರಿನ ಯೋಜನೆಯ ಮುಖ್ಯಸ್ಥೆ. ಅವಳೂ ವರ್ನ್‌ನೂ ಸಭೆಯಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು.

"ಜಗಳ ಆಡ್ತಿದ್ವಿ, ಹೌದು," ಎಂದಳು. "ಆದ್ರೆ ಕೋಣೆಲಿರೋ ಎಂಜಿನ್ ಸರಿಯಾಗಿ ನೋಡಿದ್ರಾ? ಅದು ಎಂಟಲ್ಲ. ನನ್ನ ಆರು."

ನಾನು ಬೆಚ್ಚಿದೆ. "ಫಲಕದ ಮೇಲೆ —"

"ಫಲಕ ಬದಲಾಯಿಸ್ಬೇಡ ಅಂದೋನು ಅವನೇ. ಶನಿವಾರ ನನ್ನ ಹುಡುಗರು ಗುಟ್ಟಾಗಿ ಕೂರಿಸಿಕೊಟ್ರು. ‘ಬೈಯೋ ಮೊದ್ಲು ಒಂದ್ಸಲ ನಾನೇ ಓಡಿಸಿ ನೋಡ್ತೀನಿ’ ಅಂದ. ನೋಡ್ದ. ನಿನ್ನೆ ಫೋನ್ ಮಾಡಿ, ‘ದರಿದ್ರದ್ದು ನಿಜಕ್ಕೂ ಚೆನ್ನಾಗಿದೆ ಕಣಮ್ಮ. ನಾಳೆ ಹಾಗೇ ಹೇಳ್ತೀನಿ’ ಅಂದ." ಅವಳು ಕಿಟಕಿಯತ್ತ ತಿರುಗಿದಳು. "ಹಾಗೆ ಹೇಳೋಕೆ ಅವನಿಗೆ ಎಷ್ಟು ಕಷ್ಟ ಆಗಿತ್ತೋ."

"ಎಂಟಕ್ಕೂ ಆರಕ್ಕೂ ಹೊರಗಿನವರಿಗೆ ತಿಳಿಯೋ ವ್ಯತ್ಯಾಸ ಏನು?" ಬೀಲ್ಸ್ಕಿ ಕೇಳಿದಳು.

"ವರ್ನ್ ಎಂಟು ತಾನಾಗೇ ಗಾಳಿ ಎಳ್ಕೊಳ್ಳುತ್ತೆ. ಆರಕ್ಕೆ ಗಾಳಿ ಒತ್ತಿ ತುಂಬೋಕೆ ಎರಡು ಟರ್ಬೋ ಇದೆ."

ಬೀಲ್ಸ್ಕಿ ನನ್ನತ್ತ ತಿರುಗಿದಳು. "ಕರ್ಟಿಸ್, ಡೇಲ್ ಪ್ರೂಯಿಟ್‌ನ ಠಾಣೆಗೆ ಕರ್ಕೊಂಡ್ಬಾ. ನಾನು ಇಲ್ಲಿ ಇನ್ನೊಂದು ವಿಷಯ ಕೇಳ್ಬೇಕು."

ಠಾಣೆಯ ಬೆಂಚಿನ ಮೇಲೆ ಡೇಲ್ ಸೆಟೆದೇ ಕೂತಿದ್ದ. "ಗೆಳೆಯ ಸತ್ತಿದಾನೆ. ನನ್ನನ್ನ ಯಾಕೆ ಗೋಳಾಡಿಸ್ತೀರ?"

"ನಿಮ್ಮ ಗೆಳೆಯ ಕಿವಿ ಮುಚ್ಕೊಂಡಿದ್ದ," ಎಂದಳು ಬೀಲ್ಸ್ಕಿ. "ಸಾಯೋಕೆ ಹೊರಟವನು ಕಿವಿ ಹಾಳಾದೀತು ಅಂತ ಹೆದರ್ತಾನಾ? ಅವನು ಕೆಲಸ ಮಾಡ್ತಿದ್ದ. ಯಾರೋ ಹಿಂದಿನಿಂದ ಫ್ಯಾನ್ ಆರಿಸಿ, ಗಂಟೆ ತಂತಿ ಕಿತ್ತು, ಕೊಳವೆ ಬಿಚ್ಚಿ, ಬಾಗಿಲು ಎಳ್ಕೊಂಡು ಹೋದ್ರು. ಅವನಿಗೆ ಕೇಳಿಸ್ಲಿಲ್ಲ."

"ಅದಕ್ಕೂ ನನಗೂ?"

"ಟರ್ಬೋ ಹೊಗೆ ಕುಡಿದು ಸತ್ತ ಅಂದ್ರಿ. ಎಂಟಕ್ಕೆ ಟರ್ಬೋ ಎಲ್ಲಿದೆ? ಕಾವಲುಗಾರನಿಗೂ, ನಮಗೂ, ಫಲಕ ಓದಿದ ಎಲ್ಲರಿಗೂ ಅಲ್ಲಿದ್ದದ್ದು ಎಂಟು. ಯೋಲಾಂಡಾ ಕಡೆಯವರು ಬಿಟ್ರೆ ಆರು ಅಂತ ಗೊತ್ತಿದ್ದದ್ದು, ವರ್ನ್ ತಾನೇ ಕರೆದು ತೋರಿಸಿದವನಿಗೆ ಮಾತ್ರ. ಈ ವರ್ಷ ಕಾಲೇ ಇಟ್ಟಿಲ್ಲ ಅನ್ನೋ ನಿಮಗೆ ಹೇಗೆ ಗೊತ್ತಾಯ್ತು, ಡೇಲ್?"

ಡೇಲ್‌ನ ಅಗಲವಾದ ಭುಜಗಳು ಒಮ್ಮೆಲೇ ಕುಸಿದವು.

"‘ಬೇರೆಯವರ ಬಾಯಿಂದ ಕೇಳ್ಬೇಡ, ಬಾ, ನೀನೇ ನೋಡು’ ಅಂದ ವರ್ನ್," ಎಂದ. "ಮಗು ಹುಟ್ಟಿದಷ್ಟು ಖುಷಿಲಿ ತೋರಿಸ್ದ. ಸ್ಯಾಗಿನಾ ಗತಿ ಏನೋ ಅಂದೆ. ‘ಸುಳ್ಳು ಹೇಳಕ್ಕಾಗಲ್ಲ ಡೇಲ್’ ಅಂದು ಕಿವಿ ಮುಚ್ಕೊಂಡು ಬಗ್ಗಿದ. ನನ್ನ ಅಪ್ಪ ಆ ಕುಲುಮೆಲೇ ದುಡಿದು ಸತ್ತೋನು. ಊರಲ್ಲಿ ಅದು ಬಿಟ್ರೆ ಏನಿದೆ? ಅವನ ಬೆನ್ನು ನನ್ನ ಕಡೆಗಿತ್ತು. ಕೊಳವೆ ಬಿಚ್ಚೋ ಸ್ಪ್ಯಾನರ್ ಅಲ್ಲೇ ಇತ್ತು."

ನಾನು ಕೈಕೋಳ ತೆಗೆದೆ. ಡೇಲ್ ಎರಡೂ ಕೈ ಮುಂದೆ ಚಾಚಿ, ಬೀಲ್ಸ್ಕಿಯ ಮುಖ ನೋಡಿದ.

"ಸಭೆ ಮುಗೀತಲ್ವಾ? ಎಂಟು ಉಳೀತಾ?"

"ಎಂಟೂ ಇಲ್ಲ, ಆರೂ ಇಲ್ಲ," ಎಂದಳು ಬೀಲ್ಸ್ಕಿ. "ಬ್ಯಾಟರಿ ಕಾರು. ನಿರ್ದೇಶಕರು ಬೇಸಿಗೆಲೇ ತೀರ್ಮಾನ ಮಾಡಿದ್ರಂತೆ. ಇವತ್ತಿಂದು ಬರೀ ಶಾಸ್ತ್ರ. ಯೋಲಾಂಡಾಗೂ ಇವತ್ತೇ ಗೊತ್ತಾಗಿದ್ದು."

ಡೇಲ್ ಚಾಚಿದ ಕೈ ಹಾಗೆಯೇ ಇತ್ತು. ಕೋಳ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.