ವಿಲ್ಫ್ ಎಸೆದ ಕಾಗದಗಳು

"ಪೇಪರ್ ಹುಡುಗ! ಈನಿಡ್‌ಳ ಅಣ್ಣ ಪೇಪರ್ ಹುಡುಗ!"

ನಾರ್ಮನ್ ಪೆಲ್ಸ್ ಶಾಲೆಯ ಗೋಡೆ ಹತ್ತಿ ನಿಂತಿದ್ದ. ಹಾಳೆಯೊಂದನ್ನು ಚೂರುಚೂರು ಮಾಡಿ ಕೆಳಗೆ ಉದುರಿಸುತ್ತಿದ್ದ.

"ನೋಡ್ರೋ, ಬಾಂಬ್ ಬಿತ್ತು! ಜರ್ಮನ್ರೆಲ್ಲ ಸತ್ತೇ ಹೋದ್ರು!"

ಗ್ರಿಮ್ಸ್‌ಬಿ ಬಂದರಿನ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈನಿಡ್ ಹೆಗಲಲ್ಲಿದ್ದ ಗ್ಯಾಸ್ ಮಾಸ್ಕಿನ ಡಬ್ಬಿಯನ್ನು ಬೀಸಿ ಅವನ ಮೊಣಕಾಲಿಗೆ ಬಾರಿಸಿದಳು. ನಾರ್ಮನ್ ಧೊಪ್ಪನೆ ಕೆಳಗೆ ಬಿದ್ದ.

"ನಮ್ಮಣ್ಣ ಬಾಂಬರ್ ಪ್ಲೇನಲ್ಲಿ ಗನ್ನರ್ ಆಗಿದ್ದ! ಯುದ್ಧದಲ್ಲಿ ಸತ್ತ!"

"ಯುದ್ಧ ಮಾಡಿದ್ರೆ ತಾನೆ? ಪ್ಲೇನ್ ತುಂಬ ಬರೀ ನೋಟೀಸ್ ಇತ್ತಂತೆ. ನಮ್ಮಪ್ಪನೇ ಹೇಳಿದ್ರು."

ಟೀಚರ್ ಮಿಸ್ ಗಾರ್ಬಟ್ ಇಬ್ಬರ ಅಂಗೈಗೂ ಬೆತ್ತದ ರುಚಿ ತೋರಿಸಿದರು.

ಸಂಜೆ ಈನಿಡ್ ಮನೆಗೆ ಬಂದಾಗ ಅಡುಗೆಮನೆಯಲ್ಲಿ ನೀಲಿ ಸಮವಸ್ತ್ರದ ಯುವಕನೊಬ್ಬ ಕೂತಿದ್ದ. ಅವನ ಬೆರಳುಗಳಿಗೆಲ್ಲ ಬ್ಯಾಂಡೇಜು. ಅಮ್ಮ ಅವನ ತಟ್ಟೆಯ ಮೀನನ್ನು ಸಣ್ಣ ಸಣ್ಣ ತುಂಡು ಮಾಡುತ್ತಿದ್ದಳು.

"ಇವರು ಮಿಸ್ಟರ್ ಟ್ರಾಂಟರ್. ನಮ್ಮ ವಿಲ್ಫ್ ಜೊತೆ ಅದೇ ಪ್ಲೇನಲ್ಲಿದ್ರು," ಎಂದಳು ಅಮ್ಮ. ಆಮೇಲೆ ಕಲ್ಲಿದ್ದಲು ತರಲು ಹಿತ್ತಲಿಗೆ ಹೋದಳು.

ಈನಿಡ್ ತಡಮಾಡಲಿಲ್ಲ. "ನೀವು ಬಾಂಬ್ ಹಾಕಿದ್ರಾ, ಕಾಗದ ಹಾಕಿದ್ರಾ?"

ಟ್ರಾಂಟರ್ ತಟ್ಟೆಯನ್ನೇ ನೋಡಿದ. "ಕಾಗದ."

"ಅದರಲ್ಲಿ ಏನಿತ್ತು?"

"ಯುದ್ಧ ನಿಲ್ಸಿ ಅಂತಲೋ ಏನೋ. ಜರ್ಮನ್ ಭಾಷೆ ಪುಟ್ಟಿ. ನಮಗ್ಯಾರಿಗೂ ಓದೋಕೆ ಬರ್ತಿರಲಿಲ್ಲ."

"ಬರೀ ಕಾಗದ ಎಸೆದ್ರೆ ಸಾಯ್ತಾರಾ?"

ಟ್ರಾಂಟರ್ ಬ್ಯಾಂಡೇಜಿನ ಬೆರಳುಗಳನ್ನು ಮೇಜಿನ ಮೇಲಿಟ್ಟ. "ಕಾಗದದ ಕಟ್ಟು ಬಿಚ್ಚೇ ಎಸೀಬೇಕು ಅಂತ ಆರ್ಡರ್. ಹಾಗೇ ಎಸೆದ್ರೆ ಕೆಳಗೆ ಯಾರ ತಲೆಗಾದ್ರೂ ಪೆಟ್ಟಾಗುತ್ತಂತೆ. ಮೇಲೆ ಎಂಥಾ ಚಳಿ ಗೊತ್ತಾ? ದಾರದ ಗಂಟೆಲ್ಲ ಕಲ್ಲು. ವಿಲ್ಫ್ ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ಒಂದೊಂದೇ ಗಂಟು ಬಿಡಿಸ್ದ."

"ಆಮೇಲೆ?"

"ವಾಪಸ್ ಬರ್ತಾ ರೆಕ್ಕೆ ಮೇಲೆ ಐಸ್ ಕಟ್ಟಿತು. ಹಾರ್ಕೊಳ್ಳಿ ಅಂತ ಪೈಲಟ್ ಕೂಗಿದ್ರು. ವಿಲ್ಫ್ ಬೆರಳು ಮರಗಟ್ಟಿಹೋಗಿತ್ತು. ಪ್ಯಾರಾಚೂಟಿನ ಕೊಕ್ಕೆ ಹಾಕೋಕೆ ಆಗ್ಲಿಲ್ಲ. ನಂದು ಹೇಗೋ ಹಾಕ್ಕೊಂಡು, ಅವನದ್ದನ್ನೂ ಹಾಕೋಕೆ ನೋಡ್ದೆ. ಅಷ್ಟರಲ್ಲಿ ನನ್ನ ಬೆರಳೂ ಮರಗಟ್ಟಿತ್ತು." ಅವನು ದನಿ ತಗ್ಗಿಸಿದ. "ವಿಲ್ಫ್ ಶತ್ರು ಪ್ಲೇನ್ ಒಂದನ್ನ ಉರುಳಿಸ್ದ ಅಂತ ನಿಮ್ಮಮ್ಮಂಗೆ ಹೇಳಿದ್ದೀನಿ. ನೀನೂ ಸ್ಕೂಲಲ್ಲಿ ಹಾಗೇ ಹೇಳು. ಯಾರು ಬಂದು ಕೇಳ್ತಾರೆ?"

ಈನಿಡ್ ತಿರುಗಿ ನೋಡಿದಳು. ಬಾಗಿಲಲ್ಲಿ ಅಮ್ಮ ಬಕೆಟ್ ಹಿಡಿದು ನಿಂತಿದ್ದಳು. ಯಾವಾಗ ಬಂದಿದ್ದಳೋ.

"ಮೀನು ಆರ್ತಾ ಇದೆ," ಎಂದಳು ಅಮ್ಮ. "ತಿನ್ನಪ್ಪ."

ಮಾರನೆಯ ದಿನ ಶಾಲೆಯ ಗೇಟಿನಲ್ಲಿ ನಾರ್ಮನ್ ಒಬ್ಬನೇ ನಿಂತಿದ್ದ. ಈನಿಡ್ ದಾರಿಯುದ್ದಕ್ಕೂ ಶತ್ರು ವಿಮಾನದ ಕತೆಯನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ನಿಮ್ಮನೆಗೆ ಏರ್‌ಫೋರ್ಸಿನವರು ಬಂದಿದ್ರಂತೆ," ಎಂದ ನಾರ್ಮನ್.

"ಹ್ಞೂಂ. ನಮ್ಮಣ್ಣ ಶತ್ರು ಪ್ಲೇನ್—"

ಅವನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. "ನಮ್ಮಣ್ಣ ರೆಜ್‌ಗೂ ಏರ್‌ಫೋರ್ಸಿಂದ ಕರೆ ಬಂತು. ಅವನೂ ಗನ್ನರ್ ಆಗ್ತಾನಂತೆ. ಸೋಮವಾರವೇ ಹೋಗ್ಬೇಕಂತೆ." ಬೂಟಿನ ತುದಿಯಿಂದ ನೆಲ ಕೆದಕಿದ. "ಅವರು ಏನಾದ್ರೂ ಹೇಳಿದ್ರಾ? ಮೇಲೆ... ತುಂಬಾ ಚಳಿ ಇರುತ್ತಾ?"

ಈನಿಡ್‌ಳ ನಾಲಗೆ ತುದಿಯಲ್ಲಿ ಚಳಿ, ಗಂಟು, ಮರಗಟ್ಟಿದ ಬೆರಳು, ಎಲ್ಲವೂ ಇತ್ತು. ಅದನ್ನು ಹೇಳಿ, ಡಬ್ಬಿಯಿಂದ ಹೊಡೆದದ್ದಕ್ಕಿಂತ ಜೋರಾಗಿ ಅವನಿಗೆ ಹೊಡೆಯಬಹುದಿತ್ತು. ನಿನ್ನೆಯಿಂದ ಅವಳಿಗೆ ಬೇಕಾಗಿದ್ದೂ ಅದೇ.

ನಾರ್ಮನ್ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಗೊತ್ತಿಲ್ಲ," ಎಂದಳು ಈನಿಡ್. "ನಾನು ಅದನ್ನ ಕೇಳ್ಲೇ ಇಲ್ಲ."