ಪರಿಷ್ಕೃತ ಆವೃತ್ತಿ

“ಹದಿನಾಲ್ಕನೇ ಅಧ್ಯಾಯ ತೆಗೆದುಬಿಡು,” ಎಂದರು ದೆವ್ವದ ಮೇಷ್ಟ್ರು. “ಅದಾಗಲ್ಲ ಅಂದ್ರೆ ಆ ಹೆಂಗಸಿನ ಮುಖ ತೆಗೆದುಬಿಡು. ಎರಡೂ ಇಟ್ಕೊಂಡು ಮಾತ್ರ ಪುಸ್ತಕ ಮಾಡಬೇಡ.”

ಹಸ್ತಪ್ರತಿಯ ಕಟ್ಟನ್ನು ಅವರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಎರಡು ಬೆರಳಲ್ಲಿ ಎತ್ತಿ ಮೇಜಿನ ಈ ತುದಿಗೆ ಇಟ್ಟರು. ಮೇಷ್ಟ್ರು ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಜನಕ್ಕೆ ಗೊತ್ತಿದ್ದದ್ದು ಮಾತ್ರ ಅರವತ್ತು ಚಿಲ್ಲರೆ ಮಾಟ-ಮಂತ್ರದ ಕಾದಂಬರಿಗಳಿಂದ. ಎದುರು ಕೂತಿದ್ದವನು ಆ ದಾರಿಗೆ ಹೊಸಬ. ನಾಲ್ಕು ಸಾಮಾಜಿಕ ಕಾದಂಬರಿ ಬರೆದು, ನಾಲ್ಕನ್ನೂ ತಾನೇ ತಿದ್ದಿ, ತಾನೇ ಪ್ರಕಟಿಸಿ, ಬಹುಪಾಲು ತಾನೇ ಕೊಂಡು, ಕೊನೆಗೆ ಓದುಗರಿಗೆ ಬೇಕಾದದ್ದು ಹೆದರಿಕೆ ಎಂದು ಕಂಡುಕೊಂಡು ಈ ಕಡೆ ಹೊರಳಿದ್ದ. ಅವನ ಬೀದಿಯವರು ಅವನನ್ನು ‘ಸಾಹಿತಿ’ ಎನ್ನುತ್ತಿದ್ದರು. ಅದರಲ್ಲಿ ಗೇಲಿಯಿದೆ ಎಂಬುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

“ಚೆನ್ನಾಗಿಲ್ವಾ ಸರ್?”

“ಚೆನ್ನಾಗಿದೆ. ತೊಂದರೆ ಇರೋದೇ ಅಲ್ಲಿ. ಯಾರು ಆ ಬಟ್ಟೆ ಹೊಲಿಯೋ ಹೆಂಗಸು?”

“ಯಾರೂ ಇಲ್ಲ. ಕಲ್ಪನೆ.”

“ಎಡಗಿವಿ ಕೆಳಗೆ ಎಳ್ಳಿನಷ್ಟು ಮಚ್ಚೆ. ಗುಂಡುಸೂಜಿ ತುಟೀಲಿ ಕಚ್ಕೊಂಡೇ ಬೈಯೋದು. ಉತ್ತರ ಕೊಡೋ ಮುಂಚೆ ಮೂಗಲ್ಲೊಂದು ‘ಹೂಂ’. ಇದು ಕಲ್ಪನೆ ಅಲ್ಲಪ್ಪ. ಇದು ಅಳತೆ ತೆಗೆದಿರೋದು.”

ಸಾಹಿತಿ ಕುರ್ಚಿಗೆ ಒರಗಿದ. “ಸರ್, ನಿಮ್ಮ ನಾಯಕಿಯರಿಗೆಲ್ಲ ಒಂದೇ ಮುಖ ಅಂತ ಓದೋರು ಆಡ್ಕೋತಾರೆ. ಚಂದ್ರನಂಥ ಮುಖ, ಸಂಪಿಗೆ ಮೂಗು, ಮೊಣಕಾಲಿನ ತನಕ ಜಡೆ.”

“ಆಡ್ಕೊಳ್ಳಲಿ. ಅಂಥವಳು ಭೂಮಿ ಮೇಲಿಲ್ಲ. ಅದಕ್ಕೇ ಯಾರಿಗೂ ಏನೂ ಆಗಿಲ್ಲ. ಮೊದಲನೇ ಪುಸ್ತಕದಲ್ಲಿ ಮಾತ್ರ…” ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಗಾಜು ಆಗಲೇ ಸ್ವಚ್ಛವಾಗಿತ್ತು, ಒರೆಸುವುದು ಮುಗಿಯಲಿಲ್ಲ. “ಮಾಟಕ್ಕೆ ಬೇಕಾದ್ದು ಎರಡೇ. ಒಂದು ಬೊಂಬೆ, ಒಂದು ಕೆಟ್ಟ ಆಸೆ. ಬೊಂಬೆ ನೀನು ಮಾಡಿಟ್ಟಿದ್ದೀಯ. ಆಸೆ ಓದೋನು ತರ್ತಾನೆ. ಮಾಟಗಾತಿ ಸೂಜಿ ಎತ್ತಿದಾಗ ಅವನ ಮನಸ್ಸಲ್ಲಿ ಏನಿರುತ್ತೆ ಹೇಳು? ‘ಚುಚ್ಚಲಿ’ ಅಂತಿರುತ್ತೆ. ಅದಕ್ಕೆ ತಾನೇ ಪುಸ್ತಕ ಹಿಡಿದಿರೋದು?”

“ಈ ಮಾತನ್ನ ಬೆನ್ನುಡಿಗೆ ಹಾಕ್ಕೊಳ್ಲಾ ಸರ್?” ಎಂದು ಸಾಹಿತಿ ನಕ್ಕ.

ಮೇಷ್ಟ್ರು ನಗಲಿಲ್ಲ. ಹೊಟ್ಟೆಕಿಚ್ಚು, ಬೇರೇನಲ್ಲ ಎಂದುಕೊಳ್ಳುತ್ತ ಅವನು ಮೆಟ್ಟಿಲಿಳಿದ.

ಅವನು ಬರೆಯುತ್ತಿದ್ದದ್ದು ಅಕ್ಕನ ಟೈಲರಿಂಗ್ ಅಂಗಡಿಯ ಹಿಂದಿನ, ಕಿಟಕಿಯಿಲ್ಲದ ಕೋಣೆಯಲ್ಲಿ. ಸುತ್ತ ಬಟ್ಟೆಯ ತುಂಡುಗಳ ಮೂಟೆ. ಗಂಜಿ ಹಾಕಿದ ಹೊಸ ಬಟ್ಟೆಯದೂ ಮೆಷಿನ್ ಎಣ್ಣೆಯದೂ ಬೆರೆತ ವಾಸನೆ. ಗೋಡೆಯಾಚೆ ಮೆಷಿನ್ನಿನ ಸದ್ದು, ಅದರ ಮೇಲೆ ಅಕ್ಕನ ಧ್ವನಿ. ಆ ಧ್ವನಿಗೆ ಬೀದಿಯ ಆಚೆ ತುದಿಯ ನಾಯಿಯೂ ಕಿವಿ ಎತ್ತುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು, ಓದಿಸಿದ್ದು, ಈಗ ನಲವತ್ತರ ಹತ್ತಿರವೂ ಅನ್ನ ಹಾಕುತ್ತಿದ್ದದ್ದು ಆ ಧ್ವನಿಯೇ.

ಮೊದಲ ಕರಡಿನಲ್ಲಿ ಮಾಟಕ್ಕೆ ಬಲಿಯಾಗುವವಳು ಬರೀ ‘ಒಬ್ಬ ಹೆಂಗಸು’ ಆಗಿದ್ದಳು. ತಿದ್ದುವುದನ್ನು ಸಾಹಿತಿ ಮನೆಯಲ್ಲೇ ಕೂತು ಮೊಬೈಲ್ ನೋಡಿ ಕಲಿತವನು. ವಿವರ ಕೊಡು, ಸಪ್ಪೆಯಾದದ್ದನ್ನು ಹೊಡೆದುಹಾಕು, ಓದುಗ ಪುಸ್ತಕ ಕೆಳಗಿಡದಂತೆ ಕತ್ತರಿಸು ಎಂದು ಪಾಠ ಹೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಎರಡನೆಯ ಕರಡಿಗೆ ಅವಳು ಹೊಲಿಗೆಯವಳಾದಳು. ಮೂರನೆಯದಕ್ಕೆ ಮಚ್ಚೆ ಬಂತು. ಮಾತು ಸಿಗದಾಗಲೆಲ್ಲ ಅವನು ಗೋಡೆಗೆ ಕಿವಿಗೊಟ್ಟು, ಅಕ್ಕ ಗಿರಾಕಿಗೆ ಬೈಯುವುದನ್ನು ಇದ್ದ ಹಾಗೇ ಇಳಿಸಿಕೊಳ್ಳುತ್ತಿದ್ದ. ಕೊನೆಯ ಕರಡನ್ನು ಗಟ್ಟಿಯಾಗಿ ಓದಿಕೊಂಡಾಗ ಅವನಿಗೇ ಮೈ ಜುಮ್ಮೆಂದಿತು. ಮಾಟಗಾತಿ ಹಸಿ ಮಣ್ಣಿನ ಬೊಂಬೆಯ ತುಟಿಗಳನ್ನು ಕಪ್ಪು ದಾರದಲ್ಲಿ ಹೊಲಿಯುತ್ತಾಳೆ. ಆಮೇಲೆ ಒಂದೊಂದೇ ಬೆರಳಿಗೆ ಸೂಜಿ. ಆಮೇಲೆ ಕಾಲು. ಕೊನೆಗೆ ಎದೆ.

“ಏನೋ ಒಳಗೇ ಮಂತ್ರ ಹೇಳ್ತಿದ್ದೀಯ?” ಅಕ್ಕ ಪರದೆ ಸರಿಸಿ ಇಣುಕಿದಳು. ತುಟಿಗಳ ನಡುವೆ ಗುಂಡುಸೂಜಿ ಸಾಲಾಗಿತ್ತು.

“ಹೊಸ ಪುಸ್ತಕ. ಓದ್ತೀಯಾ?”

“ಹೂಂ. ಪುಸ್ತಕ ಹಿಡಿದ್ರೆ ನಿದ್ದೆ ಬರುತ್ತೆ ಕಣೋ ನನಗೆ. ನಿಂದಾದ್ರೆ ಹಿಡಿಯೋದೂ ಬೇಡ, ನೋಡಿದ್ರೆ ಸಾಕು. ಅದ್ರಲ್ಲಿ ನಾನಿದ್ದೀನಾ?”

“ಛೇ, ನೀನ್ಯಾಕಿರ್ತೀಯ?”

“ಇದ್ದಿದ್ರೆ ನಾಲ್ಕು ಜನ ಕೊಂಡ್ಕೋತಿದ್ರು,” ಎಂದು ಅವಳು ಹೊರಟುಹೋದಳು.

ಊಟದ ಹೊತ್ತಿಗೆ ಮುಂಚೆ ಅವನು ಕಡತವನ್ನು, ಮೊಬೈಲಿನಲ್ಲೇ ಓದುವ ಪುಸ್ತಕ ಮಾರುವ ಜಾಲತಾಣಕ್ಕೆ ಏರಿಸಿ, ತಾನೇ ಮಾಡಿದ ಮುಖಪುಟ ಅಂಟಿಸಿ, ಗುಂಡಿ ಒತ್ತಿದ. ಪುಸ್ತಕ ಲೋಕಕ್ಕೆ ಹೋಯಿತು.

ಮೊದಲ ವಾರ ಎಂದಿನಂತೆ ಯಾರೂ ಕೇಳಲಿಲ್ಲ. ಆಮೇಲೆ ಯಾರೋ ಒಬ್ಬಳು ‘ಹದಿನಾಲ್ಕನೇ ಅಧ್ಯಾಯ ಓದಿ ದೀಪ ಹಾಕ್ಕೊಂಡು ಮಲಗಿದೆ’ ಎಂದು ತನ್ನ ಓದುಗ ಬಳಗಕ್ಕೆ ಬರೆದಳು. ಅವತ್ತು ಸಂಜೆ ಅಕ್ಕ ಗಿರಾಕಿಯೊಬ್ಬಳಿಗೆ “ತೋಳು ಬಿಗಿಯಾಗಿದ್ರೆ ಅದು ಬಟ್ಟೆ ತಪ್ಪಲ್ಲಮ್ಮ…” ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಗಂಟಲು ಕಟ್ಟಿದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ಬೀದಿಯವರು ಸಾಹಿತಿಯನ್ನು ಕಂಡು, “ಅಂತೂ ನಿಮಗೆ ಬರೆಯೋಕೆ ಶಾಂತಿ ಸಿಕ್ತು ಬಿಡಿ,” ಎಂದರು. ಅವನೂ ನಕ್ಕ. ಪುಸ್ತಕ ಮಾಟ-ಮಂತ್ರ ವಿಭಾಗದ ಮಾರಾಟದ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿ ತಲೆಯೆತ್ತಿತ್ತು. ಅವನು ದಿನವಿಡೀ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದ. ಏರುತ್ತಿತ್ತು.

ಅಕ್ಕನ ತುಟಿಯ ಸುತ್ತ ಕಪ್ಪು ಚುಕ್ಕಿಗಳೆದ್ದವು. ಸಾಸಿವೆಯಷ್ಟು ಸಣ್ಣವು, ಒಂದರಿಂದೊಂದು ಒಂದೇ ಅಂತರದಲ್ಲಿ, ಒಳ್ಳೆಯ ಹೊಲಿಗೆಯ ಹಾಗೆ. ಅಂಗಡಿಯಲ್ಲಿ ಹೊಸ ವಾಸನೆಯೊಂದು ಸೇರಿಕೊಂಡಿತು. ಸುಟ್ಟ ಕೂದಲಿನದು, ಅದರಡಿಯಲ್ಲಿ ಹಸಿ ಮಣ್ಣಿನದು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಅಕ್ಕ ಏನನ್ನೋ ಉಗಿದಳು. ಬಚ್ಚಲಿನ ಬಿಳಿಯ ನೆಲದ ಮೇಲೆ ಒಂದು ಗೇಣು ಕಪ್ಪು ದಾರ ಬಿದ್ದಿತ್ತು. ಹೊಲಿಗೆಯವಳ ಬಾಯಲ್ಲಿ ದಾರವಿಲ್ಲದೆ ಇನ್ನೇನಿರುತ್ತದೆ ಎಂದು ಸಾಹಿತಿ ತನಗೆ ಹೇಳಿಕೊಂಡ. ಅದು ತಾನಾಗಿಯೇ ಸುರುಳಿ ಸುತ್ತಿಕೊಂಡದ್ದನ್ನು ನೋಡಿಲ್ಲವೆಂದೂ ಹೇಳಿಕೊಂಡ.

ಪುಸ್ತಕವನ್ನು ಅವತ್ತೇ ತೆಗೆಯಬಹುದಿತ್ತು. ಅದಕ್ಕೂ ಒಂದು ಗುಂಡಿಯಿತ್ತು. ಅದರ ಮೇಲೆ ಬೆರಳಿಟ್ಟು ಅವನು ಪಟ್ಟಿಯನ್ನು ನೋಡಿದ. ಇನ್ನೆರಡು ಸ್ಥಾನ ಮೇಲೇರಿದರೆ ಮೊದಲ ಪುಟ. ಇಡೀ ಜನ್ಮದಲ್ಲಿ ಮೊದಲ ಪುಟ ಕಂಡವನಲ್ಲ ಅವನು. ನಾಳೆ ತೆಗೆದರಾಯಿತು ಎಂದುಕೊಂಡ.

ಮಾರನೆಯ ದಿನ ಪುಸ್ತಕ ಮೊದಲ ಪುಟಕ್ಕೆ ಬಂತು. ಅಕ್ಕನ ಕೈಯಿಂದ ಕತ್ತರಿ ಜಾರಿಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದಳು, ಬೆರಳುಗಳು ಮಡಚಲಿಲ್ಲ. ಪ್ರತಿ ಬೆರಳ ತುದಿಯಲ್ಲೂ ಒಂದೊಂದು ಕಪ್ಪು ಚುಕ್ಕಿ.

ಮೇಷ್ಟ್ರು ಬಾಗಿಲ ಸರಪಳಿ ತೆಗೆಯಲಿಲ್ಲ. ಸಂದಿನಿಂದ ಅವರ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

“ಅದು ನಿನ್ನ ಮೈಯಿಂದ ಬರ್ತಿದೆ, ಆ ವಾಸನೆ. ಅಲ್ಲೇ ನಿಲ್ಲು.”

“ಸರ್, ಪುಸ್ತಕ ವಾಪಸ್ ತಗೋತೀನಿ.”

“ಓದಿದೋರ ತಲೆಯಿಂದ ಹೇಗೆ ತಗೋತೀಯ? ಸೂಜಿಗೆ ದಾರಿ ಗೊತ್ತಾಗಿದೆ. ಅದಕ್ಕೆ ಇನ್ನೊಂದು ಮುಖ ಕೊಡು. ಅದೇ ಅಧ್ಯಾಯ, ಬೇರೆ ಮುಖ. ಬದುಕಿರೋ ಮುಖ. ಸುಳ್ಳು ಮುಖ ಕೊಟ್ರೆ ಅದು ಮತ್ತೆ ಹಳೇ ಮನೆಗೇ ಬರುತ್ತೆ.”

“ಯಾರ ಮುಖ ಕೊಡ್ಲಿ ಸರ್?”

ಬಾಗಿಲು ಮುಚ್ಚಿತು.

ಮುಖ ಕೊಡುವುದು ಕಷ್ಟವಲ್ಲ ಎಂದು ಅವನೆಣಿಸಿದ್ದ. ಅವನ ಮೊಬೈಲ್ ಪುಸ್ತಕಗಳಿಗೆ ಅದೊಂದು ಅನುಕೂಲವಿತ್ತು: ತಿದ್ದಿದ ಕಡತ ಏರಿಸಿದರೆ, ಮೊದಲೇ ಕೊಂಡವರ ಬಳಿಯೂ ಹಳೆಯದು ಹೋಗಿ ಹೊಸದು ತಾನಾಗಿ ಬಂದು ಕೂರುತ್ತಿತ್ತು, ಜೊತೆಗೆ ‘ಪರಿಷ್ಕೃತ ಆವೃತ್ತಿ ಬಂದಿದೆ’ ಎಂಬ ಸಂದೇಶವೂ. ತನ್ನ ನಾಲ್ಕೂ ಕಾದಂಬರಿಗಳನ್ನು ಸಪ್ಪೆ ಎಂದಿದ್ದ ವಿಮರ್ಶಕ ಮೊದಲು ನೆನಪಾದ. ಕೂತು ಬರೆಯಹೋದರೆ ಎರಡು ಸಾಲಿಗೆ ನಿಂತಿತು. ಕನ್ನಡಕ, ಬಕ್ಕತಲೆ, ಮುಂದೆ? ಎದುರುಮನೆಯವನದೂ ಅದೇ ಕತೆ. ಇಷ್ಟು ವರ್ಷ ಜನರ ಬಗ್ಗೆ ಬರೆದಿದ್ದನೇ ಹೊರತು ಯಾರನ್ನೂ ಸರಿಯಾಗಿ ನೋಡಿರಲಿಲ್ಲ. ಅಳತೆ ಗೊತ್ತಿದ್ದದ್ದು ಅಕ್ಕನೊಬ್ಬಳದೇ. ಉಳಿದವನೆಂದರೆ ತಾನು.

ಭಯದಲ್ಲೇ ಬರೆದ. ಹೆಂಗಸಿದ್ದ ಕಡೆಯೆಲ್ಲ ಒಬ್ಬ ಬರಹಗಾರನನ್ನು ತಂದು ಕೂರಿಸಿದ. ಏರಿಸಿ, ಪರದೆ ಸರಿಸಿ ನೋಡಿದ. ಅಕ್ಕ ಸ್ಟೂಲಿನಿಂದ ಎದ್ದಳು, ಎದ್ದವಳೇ ಕುಸಿದಳು. ಸೂಜಿ ಕಾಲಿಗೆ ಬಂದಿತ್ತು.

ಎತ್ತಿ ತನ್ನ ಕೋಣೆಗೆ ತಂದು ಗೋಡೆಗೆ ಒರಗಿಸಿ ಕೂರಿಸಿದ. ಕರಡು ಬರೆದುಕೊಂಡಿದ್ದ ಹಾಳೆಯನ್ನು ಅವಳಿಗೆ ಓದಿ ಹೇಳಿದ, ಎಲ್ಲಿ ತಪ್ಪಿದೆ ಎಂದು ಕೇಳಲು ಲೋಕದಲ್ಲಿ ಬೇರೆ ಯಾರಿದ್ದರು? ‘ಅಗಲವಾದ ಭುಜ, ನೋವು ನುಂಗಿದ ಆಳವಾದ ಕಣ್ಣು, ಜಗತ್ತು ಅರ್ಥಮಾಡಿಕೊಳ್ಳದ ಏಕಾಂಗಿ.’

ಅಕ್ಕನ ಮೈ ಕುಲುಕಿತು. ನೋವೆಂದು ಅವನು ಗಾಬರಿಯಾದ. ನೋವಲ್ಲ, ಅವಳು ನಗುತ್ತಿದ್ದಳು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ತಮ್ಮ ತನ್ನನ್ನು ನಗಿಸಲೆಂದೇ ಇದನ್ನೆಲ್ಲ ಓದುತ್ತಿದ್ದಾನೆ ಎಂದುಕೊಂಡಿದ್ದಳು. ಮೊಣಕೈಯಿಂದ ಹಾಳೆ ಎಳೆದುಕೊಂಡು, ಎರಡು ಅಂಗೈಗಳ ನಡುವೆ ಪೆನ್ಸಿಲು ಸಿಕ್ಕಿಸಿಕೊಂಡಳು. ಅಗಲವಾದ ಭುಜದ ಮೇಲೆ ಗೀಟೆಳೆದಳು. ಆಳವಾದ ಕಣ್ಣಿನ ಮೇಲೆ ಗೀಟು. ಏಕಾಂಗಿಯ ಮೇಲೆ ಎರಡು ಗೀಟು.

ಹಾಳೆಯಲ್ಲಿ ಏನೂ ಉಳಿಯಲಿಲ್ಲ.

ಆಗ ಕರೆಂಟು ಹೋಯಿತು. ಸಂಜೆಯಿನ್ನೂ ಕಪ್ಪಿಟ್ಟಿರಲಿಲ್ಲ, ಕಿಟಕಿಯಿಲ್ಲದ ಕೋಣೆಗೆ ಮಾತ್ರ ಕತ್ತಲು ಗಟ್ಟಿಯಾಗಿ ಬಂದು ಕೂತಿತು. ಲ್ಯಾಪ್‌ಟಾಪಿನ ಬೆಳಕಲ್ಲಿ ಅವನು ಮತ್ತೆ ಶುರುಮಾಡಿದ. ಬಾಗಿದ ಬೆನ್ನು. ಉಗುರು ಕಚ್ಚುವ ಚಟ. ಯಾರಾದರೂ ಹೊಗಳುತ್ತಾರೇನೋ ಎಂದು ಮಾತಿನ ನಡುವೆ ನಿಲ್ಲಿಸಿ ಕಾಯುವ ರೀತಿ. ಅಕ್ಕನ ದುಡಿಮೆಯ ಅನ್ನ ಉಂಡು, ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಹಾಕಲು ಮರೆತದ್ದು. ಹಿಂದೆ ಯಾರೋ ಉಸಿರಾಡುತ್ತಿದ್ದರು. ತಿರುಗಿ ನೋಡಲಿಲ್ಲ. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಅಕ್ಕ ಎದೆ ಒತ್ತಿಕೊಂಡಳು. ಇನ್ನೂ ಒಂದು ಸಾಲು ಬಾಕಿಯಿತ್ತು. ಅದನ್ನು ಬರೆಯಲು ಕೈ ಬರಲಿಲ್ಲ. ಅಕ್ಕನ ತಲೆ ವಾಲಿತು. ಬರೆದ. ಅವಳ ತುಟಿ ಹೊಲಿಯುತ್ತಿದ್ದಾಗ ಇವನು ಪಟ್ಟಿಯಲ್ಲಿ ತನ್ನ ಸ್ಥಾನ ನೋಡುತ್ತ ಕೂತಿದ್ದ. ನಾಳೆ ತೆಗೆದರಾಯಿತು ಎಂದುಕೊಂಡಿದ್ದ. ಬರೆದಾಯಿತು. ಗುಂಡಿ ಒತ್ತಿದ.

ಯಾರೋ ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ ಹಾಗಾಯಿತು. ಗುರುತು ಹಿಡಿದ ಹಾಗಾಯಿತು.

“ನೀರು ಕೊಡೋ,” ಎಂದಳು ಅಕ್ಕ. ಒಡಕು ಧ್ವನಿ, ಆದರೂ ಅವಳದೇ ಧ್ವನಿ. “ಕಲ್ಲಿನ ಹಾಗೆ ಕೂತಿದ್ದೀಯಲ್ಲೋ. ಬಾಯಿ ಬಿದ್ದುಹೋಯ್ತಾ?”

ಅವನು ಉತ್ತರ ಹೇಳಲು ಬಾಯಿ ತೆರೆದ. ಮೊದಲ ಹೊಲಿಗೆ ಬಿತ್ತು.

ಕೆಲವೇ ವಾರಗಳಲ್ಲಿ ಅಕ್ಕ ಮೆಷಿನ್ನಿನ ಮುಂದೆ ಬಂದು ಕೂತಳು. ತಮ್ಮನನ್ನು ಎದುರಿಗೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸುತ್ತಿದ್ದಳು. ನರದ ತೊಂದರೆ ಎಂದಿದ್ದರು ಡಾಕ್ಟರು; ಮಾತು, ಕೈ, ಕಾಲು ಒಂದೊಂದಾಗಿ ಹೋಗಿದ್ದವು. ಅವನ ಹತ್ತಿರ ಕೂತಿರಬೇಕಲ್ಲ ಎಂದು ಅವಳು ಅವನ ಮೊಬೈಲಿನಲ್ಲಿ ಆ ಪುಸ್ತಕ ತೆರೆದಳು. ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದಳು. ಓದಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಎಷ್ಟು ಚೆನ್ನಾಗಿ ಬರ್ದಿದ್ದೀಯೋ! ಆ ಅಯೋಗ್ಯನನ್ನ ನೋಡಿದ ಹಾಗೇ ಇದೆ. ನಾನೊಂದು ದಿನ ಓದಲಿಲ್ಲ, ಬರೀ ಆಡ್ಕೊಂಡೆ. ನೋಡ್ತಿರು, ನಿನ್ನ ಪುಸ್ತಕ ಹೇಗೆ ಮಾರ್ತೀನಿ ಅಂತ.”

ಅವನ ಕಣ್ಣು ಬೇಡಬೇಡವೆಂದಿತು. ಅಕ್ಕ ಅದನ್ನು ಸಂಕೋಚವೆಂದುಕೊಂಡಳು.

ಅಚ್ಚು ಹಾಕಿಸಿದ ಪ್ರತಿಗಳು ಬಟ್ಟೆಯ ಕಪಾಟಿನ ಪಕ್ಕದಲ್ಲಿ ಎದ್ದು ನಿಂತವು. ಬೀದಿಯ ಆಚೆ ತುದಿಗೂ ಕೇಳುವಂತೆ ಅವಳು ಮಾರಿದಳು. ಒಂದು ಮಧ್ಯಾಹ್ನ ಅಂಚು ಹೊಲಿಸಲು ಬಂದ ಹೆಂಗಸೊಬ್ಬಳು ಕಾಯುತ್ತ ಬೆಂಚಿನ ಮೇಲೆ ಕೂತಳು.

“ಇನ್ನೂ ಹೊತ್ತಾಗುತ್ತಮ್ಮ, ಅಲ್ಲೀತನಕ ಇದನ್ನ ಓದ್ತಿರಿ. ನನ್ನ ತಮ್ಮಂದು,” ಎಂದಳು ಅಕ್ಕ, ಗುಂಡುಸೂಜಿ ಕಚ್ಚಿಕೊಂಡೇ.

ಹೆಂಗಸು ಆಕಳಿಸಿ ಪುಸ್ತಕ ಬಿಡಿಸಿದಳು. ಒಂದು ಪುಟ ಓದಿದಳು. ಚಪ್ಪಲಿ ಕಳಚಿ, ಕಾಲು ಮಡಚಿ ಕೂತು ಎರಡನೆಯದಕ್ಕೆ ಹೋದಳು. ಸಾಹಿತಿ ಅವಳ ಬೆರಳನ್ನೇ ನೋಡುತ್ತಿದ್ದ. ಈ ಅಧ್ಯಾಯದಲ್ಲಿ ಒಂದು ನೀರಸ ವರ್ಣನೆಯಿತ್ತು, ಓದುವವರು ಪುಸ್ತಕ ಮುಚ್ಚಿ ಎದ್ದುಹೋಗುವಂಥದು, ತೆಗೆದಿದ್ದ. ಮುಂದಿನದರಲ್ಲಿ ಒಂದು ಉದ್ದನೆಯ ಉಪಕತೆ, ಅದನ್ನೂ ತೆಗೆದಿದ್ದ. ಒಂದು ಸಪ್ಪೆ ಸಾಲೂ ಉಳಿಯದ ಹಾಗೆ ತಾನೇ ಕೂತು ಕತ್ತರಿಸಿದ್ದ.

ಮುಂದಿದ್ದವರ ಬಟ್ಟೆಗಳನ್ನೆಲ್ಲ ಮುಗಿಸಿ, ದೀಪ ಹಾಕುವ ಹೊತ್ತಿಗೆ ಅಕ್ಕ ಅವಳ ಅಂಚನ್ನೂ ಹೊಲಿದು ಬಟ್ಟೆ ಮಡಚಿಟ್ಟಳು. “ಆಯ್ತು ಕಣಮ್ಮ.”

ಹೆಂಗಸು ತಲೆಯೆತ್ತಲಿಲ್ಲ. “ಒಂದು ನಿಮಿಷ ಅಕ್ಕಾ,” ಎಂದಳು, ಪುಟ ತಿರುವುತ್ತ. “ಎದೆಗೆ ಚುಚ್ಚೋ ಜಾಗಕ್ಕೆ ಬಂದಿದ್ದೀನಿ.”